ಒಳಚಿಲಕವಿಲ್ಲದ ಮನೆಯ ಮಾಮಾ

ನನ್ನ ಸೋದರಮಾವನನ್ನು ಮದುವೆಗೆ ಕರೆಯುವ ಮುಂಚೆ ನಮ್ಮ ಬಳಗದವರು ಒಂದು ಸಣ್ಣ ಸಭೆ ಸೇರುತ್ತಾರೆ. ಕರೆಯಬೇಕೋ ಬೇಡವೋ ಎಂದಲ್ಲ. ಕರೆಯದೆ ಇರಲು ಯಾರಿಗೂ ಮನಸ್ಸಿಲ್ಲ. ಪ್ರಶ್ನೆ ಇರುವುದು ಅವರನ್ನು ಊಟದ ಪಂಕ್ತಿಯಲ್ಲಿ ಯಾರ ಪಕ್ಕ ಕೂರಿಸಬೇಕು ಎಂಬುದರ ಬಗ್ಗೆ. ಬೀಗರ ಪಕ್ಕ ಬೇಡ, ಸ್ವಾಮಿಗಳ ಪಕ್ಕ ಬೇಡವೇ ಬೇಡ, ಹೊಸದಾಗಿ ಮದುವೆಯಾದವರ ಎದುರಿಗಂತೂ ದೇವರೇ ಕಾಪಾಡಬೇಕು. ಕೊನೆಗೆ ಕಿವಿ ಮಂದವಾದ ಒಬ್ಬ ಹಿರಿಯರನ್ನು ಹುಡುಕಿ, ಅವರ ಪಕ್ಕದ ಎಲೆಯನ್ನು ಮಾಮಾನಿಗೆ ಗೊತ್ತುಮಾಡುತ್ತಾರೆ. ಹೋಳಿಗೆ ಬರುವಷ್ಟರಲ್ಲಿ ಆ ಹಿರಿಯರೂ ಬೆವರುತ್ತಿರುತ್ತಾರೆ.

ಮಾಮಾ ಕೆಟ್ಟ ಮಾತಾಡುವವರಲ್ಲ. ಅವರು ಮೂವತ್ತು ವರ್ಷ ಪಶುಪಾಲನಾ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು, ಅಷ್ಟೆ. ಊರವರ ಬಾಯಲ್ಲಿ ದನದ ಡಾಕ್ಟರ್. ಯಾರ ಮನೆಯ ಆಕಳೋ ಎಮ್ಮೆಯೋ ಬೆದೆಗೆ ಬಂದಿದೆ ಎಂದು ಸುದ್ದಿ ಬಂದರೆ ಸಾಕು, ಬೈಕಿನ ಹಿಂದೆ ಹೋರಿಯ ವೀರ್ಯವನ್ನು ಹಿಮದಂತೆ ತಣ್ಣಗಿಟ್ಟ, ಹೊಗೆಯಾಡುವ ಕ್ಯಾನು ಕಟ್ಟಿಕೊಂಡು ತಿಕೋಟಾ, ಬಿಜ್ಜರಗಿ, ಬಬಲೇಶ್ವರ ಎಂದು ಹೊರಟುಬಿಡುತ್ತಿದ್ದರು. ಹೋರಿಯ ಮುಖವನ್ನೇ ನೋಡದೆ ಆಕಳು ಗಬ್ಬವಾಗುವ ವಿದ್ಯೆಯನ್ನು ಈ ಸೀಮೆಗೆ ಮನೆಮನೆಗೆ ಮುಟ್ಟಿಸಿದವರು ಅವರು. ಬ್ಯಾಂಕಿನವರು ಬ್ಯಾಂಕಿನ ಸುದ್ದಿ, ಮೇಷ್ಟ್ರು ಸಾಲೆಯ ಸುದ್ದಿ ಹೇಳುವ ಹಾಗೆ ಮಾಮಾ ತಮ್ಮ ಕಸುಬಿನ ಸುದ್ದಿ ಹೇಳುತ್ತಾರೆ. ಅನ್ನ-ಸಾರಿನ ಮಧ್ಯೆ ಅದನ್ನು ಕೈಸನ್ನೆಯ ಸಮೇತ ಹೇಳುವುದರಿಂದ ಕೇಳುವವರಿಗೆ ತುತ್ತು ಇಳಿಯುವುದಿಲ್ಲ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ವಿಜ್ಞಾನದ ಮೇಷ್ಟ್ರು ಒಂದು ಪಾಠವನ್ನು "ಇದನ್ನ ಮನ್ಯಾಗ ಓದ್ಕೋರಿ" ಎಂದು ಹಾರಿಸಿ ಮುಂದೆ ಹೋದರು. ಯಾವ ಪಾಠ ಎಂದು ಹೇಳಬೇಕೇ? ನಾನು ಮನೆಯಲ್ಲಿ ಓದಲು ಕೂತೆ, ಅವ್ವ ಪುಸ್ತಕ ಕಸಿದುಕೊಂಡಳು. ಆ ರವಿವಾರ ಮಾಮಾ ನನ್ನನ್ನು ಕೊಟ್ಟಿಗೆಗೆ ಕರೆದೊಯ್ದು, ಆಕಳು ಕರು ಹಾಕುವುದನ್ನು ಮೊದಲಿನಿಂದ ಕೊನೆಯವರೆಗೆ ತೋರಿಸಿದರು. "ನೋಡ್ಕೋ ತಂಗಿ, ಇದರಾಗ ನಾಚೂದೇನೂ ಇಲ್ಲ, ಅಂಜೂದೂ ಇಲ್ಲ" ಎಂದರು. ಪರೀಕ್ಷೆಯಲ್ಲಿ ಆ ಪಾಠದ ಪ್ರಶ್ನೆಗೆ ಪೂರ್ತಿ ಅಂಕ ಬಂದದ್ದು ನನಗೊಬ್ಬಳಿಗೇ. ಉತ್ತರದಲ್ಲಿ ಎಲ್ಲೆಲ್ಲೂ ಆಕಳು ಎಂದು ಬರೆದಿದ್ದೆ ಎಂಬುದು ಬೇರೆ ಮಾತು.

ಮುಂದೆ ನನ್ನನ್ನು ನೋಡಲು ಮೊದಲ ಗಂಡಿನ ಕಡೆಯವರು ಬಂದರು. ಹುಡುಗನ ತಂದೆ ಸೌಜನ್ಯಕ್ಕೆ, "ಹುಡುಗಿ ಆರೋಗ್ಯ ಹೆಂಗ್ರಿ?" ಎಂದು ಕೇಳಿದರು. ಮಾಮಾ ನೆಟ್ಟಗೆ ಕೂತರು. "ಯಾವಾಗ್ಲೂ ತಾಯಿ ಕಡೆ ನೋಡಬೇಕ್ರಿ. ನಮ್ಮಕ್ಕಗ ಐದು ಬಾಣಂತನ, ಒಂದಕ್ಕೂ ತ್ರಾಸಿಲ್ಲ. ನಮ್ಮದು ಮೂಲದಿಂದ ಚಲೋ ತಳಿ." ಆ ಕಡೆಯವರು ಅವಲಕ್ಕಿ ಮುಟ್ಟದೆ ಎದ್ದು ಹೋದರು. ಎರಡನೆಯ ಸಲ ಬಂದವರ ಮುಂದೆಯೂ ಮಾಮಾ ಇದನ್ನೇ ಹೇಳಿದಾಗ ಹುಡುಗ ಬಿದ್ದು ಬಿದ್ದು ನಕ್ಕು, ಇನ್ನೊಂದು ಪ್ಲೇಟು ಅವಲಕ್ಕಿ ಕೇಳಿದ. ನಾನು ಅವನನ್ನೇ ಮದುವೆಯಾದೆ. ಈ ಉಪಕಾರವನ್ನು ನಾನು ಇವತ್ತಿಗೂ ಮರೆತಿಲ್ಲ.

ಇಂಥ ಮಾಮಾ ತಮ್ಮ ಹೆಂಡತಿಯ ವಿಷಯ ಬಂದರೆ ಮಾತ್ರ ಬೇರೆಯೇ ಮನುಷ್ಯ. ಅತ್ತಿಯ ಹೆಸರನ್ನು ಅವರ ಬಾಯಿಂದ ಕೇಳಿದವರು ಯಾರೂ ಇಲ್ಲ. ಬಸ್ಸಿನಲ್ಲಿ ಆಕೆ ಮುಂದೆ, ಇವರು ಹಿಂದೆ. ದಾರಿಯಲ್ಲಿ ಇವರು ಹತ್ತು ಮಾರು ಮುಂದೆ, ಆಕೆ ಹಿಂದೆ. ಮನೆಯಲ್ಲಿ ಆಕೆಯನ್ನು ಕರೆಯಬೇಕಾದರೆ ಕೆಮ್ಮುತ್ತಾರೆ. ಒಂದು ಕೆಮ್ಮಿಗೆ ನೀರು, ಎರಡು ಕೆಮ್ಮಿಗೆ ಚಹಾ. ಒಮ್ಮೆ ನಿಜವಾಗಿಯೇ ನೆಗಡಿಯಾಗಿ ಕೆಮ್ಮಿದಾಗ ಅತ್ತಿ ಮಧ್ಯಾಹ್ನದೊಳಗೆ ಏಳು ಸಲ ಚಹಾ ತಂದಿಟ್ಟಿದ್ದಳು. ಬೇಡ ಎನ್ನಲು ಯಾವ ಕೆಮ್ಮೂ ಗೊತ್ತಿಲ್ಲದ ಮಾಮಾ ಏಳನ್ನೂ ಕುಡಿದರು.

ಸಾರವಾಡದ ಅವರ ಮನೆಯಲ್ಲಿ ಇನ್ನೊಂದು ವಿಶೇಷವಿದೆ. ಆ ಮನೆಯ ಯಾವ ಕೋಣೆಗೂ ಒಳಗಡೆ ಚಿಲಕವಿಲ್ಲ. ಎಲ್ಲ ಚಿಲಕಗಳೂ ಹೊರಗಡೆ. ಇದು ನನ್ನ ಅಜ್ಜನ, ಅಂದರೆ ಮಾಮಾನ ತಂದೆಯ ಕಟ್ಟಳೆ. ಒಳಗಿನಿಂದ ಚಿಲಕ ಹಾಕುವವರು ಕಳ್ಳರು ಇಲ್ಲವೆ ಸಿಟ್ಟಾದವರು, ನಮ್ಮ ಮನೆಯಲ್ಲಿ ಇಬ್ಬರೂ ಇಲ್ಲ ಎಂಬುದು ಅಜ್ಜನ ವಾದ. ಹೊರಗಿನ ಚಿಲಕ ಯಾಕೆಂದರೆ ಆಡುಗಳು ಒಳಗೆ ಹೋಗಿ ಕಾಳು ತಿನ್ನಬಾರದು. ಹೀಗಾಗಿ ಮುಂದೆ ಮಾಡಿದ, ಅಂದರೆ ಚಿಲಕವಿಲ್ಲದೆ ಬರೇ ಎಳೆದುಕೊಂಡ ಯಾವುದೇ ಬಾಗಿಲು ಕಂಡರೆ, ಹಾದುಹೋಗುವ ಯಾರೇ ಆಗಲಿ ಅದರ ಚಿಲಕ ಹಾಕಿ ಮುಂದೆ ಹೋಗುವುದು ಆ ಮನೆಯವರ ರೂಢಿ. ಅಜ್ಜ ತೀರಿಕೊಂಡು ಎಷ್ಟೋ ವರ್ಷಗಳಾದವು, ಹದಿಮೂರು ಜನರ ಆ ಮನೆಯಲ್ಲಿ ಕಟ್ಟಳೆ ಹಾಗೆಯೇ ಉಳಿದಿತ್ತು.

ನಾನು ವಿಜಯಪುರದ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಪಾಠ ಮಾಡಿಕೊಂಡು ಸುಮ್ಮನಿರಬಹುದಿತ್ತು. ಆದರೆ ಹೋದ ವರ್ಷ ಸಿನಿಮಾ ಮಾಡುವ ಹುಚ್ಚು ಹತ್ತಿತು. ನಲವತ್ತು ನಿಮಿಷದ ನಗೆಚಿತ್ರ, ಹೆಸರು 'ಒಂದು ತಾಸು'. ಹೊಸದಾಗಿ ಮದುವೆಯಾದ ಗಂಡ ಹೆಂಡತಿ, ಹದಿಮೂರು ಜನರ ಮನೆ, ಒಳಚಿಲಕವಿಲ್ಲದ ಕೋಣೆ. ಇಬ್ಬರಿಗೂ ಬೇಕಾದದ್ದು ಬರೇ ಒಂದು ತಾಸಿನ ಏಕಾಂತ. ಬಾಗಿಲಿಗೆ ಜೋಳದ ಚೀಲ ಒರಗಿಸಿದರೆ ಅತ್ತೆಗೆ ಅದೇ ಗಳಿಗೆಯಲ್ಲಿ ಗಿರಣಿಗೆ ಜೋಳ ಒಯ್ಯುವ ನೆನಪಾಗುತ್ತದೆ. ಸಾಕಾಗಿ ಇಬ್ಬರೂ ಗೋಳಗುಮ್ಮಟಕ್ಕೆ ಹೋಗಿ ಮೇಲೆ ಪಿಸುಮಾತು ಆಡಿದರೆ, ಸುತ್ತ ನಿಂತ ಒಂದು ಸಾಲೆಯ ಮಕ್ಕಳೆಲ್ಲ "ಹೂಂ ಅನ್ರೀ ಅಕ್ಕಾ" ಎನ್ನುತ್ತಾರೆ. ಕೊನೆಯಲ್ಲಿ ಹೆಂಡತಿ ಪೇಟೆಯಿಂದ ಒಂದು ಚಿಲಕ ಕೊಂಡು ತಂದು ಕೈಯಲ್ಲಿ ಹಿಡಿದು ನಿಲ್ಲುತ್ತಾಳೆ. ಅಲ್ಲಿಗೆ ಚಿತ್ರ ಮುಗಿಯಿತು. ತೆರೆಯ ಮೇಲೆ ಮುಚ್ಚಿದ ಬಾಗಿಲಿಗಿಂತ ಹೆಚ್ಚಿನದೇನೂ ಕಾಣುವುದಿಲ್ಲ.

ಕಲೆಗೆ ನೆರವು ಕೊಡುವ ಒಂದು ಸರ್ಕಾರಿ ಸಂಸ್ಥೆಗೆ ಅರ್ಜಿ ಹಾಕಿದ್ದೆ. ಕಥೆ ಓದಿದ ಸಮಿತಿಯವರು ನಕ್ಕರಂತೆ, ಅನುದಾನ ಸಿಕ್ಕಿತು.

ಚಿತ್ರೀಕರಣ ಮಾಮಾನ ಮನೆಯಲ್ಲೇ. ಒಳಚಿಲಕವಿಲ್ಲದ ಮನೆ ಇನ್ನೆಲ್ಲಿ ಸಿಗಬೇಕು? ಚಿತ್ರದ ನಡುವೆ ಬಂದುಹೋಗುವ ದನದ ಡಾಕ್ಟರನ ಸಣ್ಣ ಪಾತ್ರವನ್ನೂ ಮಾಮಾ ತಾವೇ ವಹಿಸಿಕೊಂಡರು. ಕ್ಯಾಮೆರಾ ಹಿಡಿದಿದ್ದ ನನ್ನ ಸಹೋದ್ಯೋಗಿಗೆ "ಆಕಳದ್ದು ಎಡಗಡಿಯಿಂದ ತಗೀರಿ, ಅಕಿಗಿ ಬಲಗಡಿ ಛಂದಿಲ್ಲ" ಎಂದು ನಿರ್ದೇಶನವನ್ನೂ ಕೊಟ್ಟರು. ಎರಡನೆಯ ದಿನ ಕೋಣೆಯೊಳಗಿನ ದೃಶ್ಯ ತೆಗೆಯುತ್ತಿದ್ದೆವು. ಗಂಡ, ಹೆಂಡತಿ, ಕ್ಯಾಮೆರಾ, ದೀಪ ಮತ್ತು ನಾನು ಒಳಗೆ, ಬಾಗಿಲು ಮುಂದೆ ಮಾಡಿತ್ತು. ನೀರಿನ ಕೊಡ ಹೊತ್ತು ಹೊರಟಿದ್ದ ಅತ್ತಿ ರೂಢಿಯಂತೆ ಹೊರಗಿನಿಂದ ಚಿಲಕ ಹಾಕಿ ಹೋದಳು. ಎಷ್ಟು ಬಡಿದರೂ ಟ್ರ್ಯಾಕ್ಟರಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಮಾಮಾನಿಗೆ ಫೋನ್ ಮಾಡಿದೆ.

"ಅಕಿ ರೂಢಿ ಅದು, ಆಡು ಹೋಗತಾವಂತ ಹಾಕಿರ್ತಾಳ" ಎಂದರು ಮಾಮಾ ಸಾವಧಾನವಾಗಿ. "ಎಮ್ಮಿ ಮೈ ತೊಳ್ಯಾಕತ್ತೇನಿ, ಮುಗಿಸಿ ಬರತೀನಿ."

ಚಿತ್ರದ ಗಂಡ ಹೆಂಡತಿಗೆ ಕೊನೆಗೂ ಒಂದು ತಾಸಿನ ಏಕಾಂತ ಸಿಕ್ಕಿತು, ನಮ್ಮೆಲ್ಲರ ಸಮೇತ.

ಕೊನೆಯ ದೃಶ್ಯಕ್ಕೆ ಚಿಲಕ ಬೇಕಿತ್ತು. ಪೇಟೆಯಿಂದ ತರುತ್ತೇನೆಂದರೆ ಮಾಮಾ ಬಿಡಲಿಲ್ಲ. ಒಳಗೆ ಹೋಗಿ ಬಂದು, ಕುಪ್ಪಸದ ಖಣದ ತುಂಡಿನಲ್ಲಿ ಸುತ್ತಿದ, ನುಸಿಗುಳಿಗೆಯ ವಾಸನೆ ಹೊಡೆಯುವ ಒಂದು ಹಿತ್ತಾಳೆ ಚಿಲಕವನ್ನು ನನ್ನ ಕೈಗಿಟ್ಟರು. ಹಳೆಯ ಕಾಲದ್ದು, ಆದರೆ ಒಂದು ಸಲವೂ ಜಡಿದದ್ದಲ್ಲ. ಅದರ ಮೊಳೆಗಳು ಸಹ ಅಂಗಡಿಯ ಕಾಗದದಲ್ಲಿ ಕಟ್ಟಿದ ಹಾಗೆಯೇ ಇದ್ದವು. "ಎಲ್ಲಿತ್ತು ಮಾಮಾ ಇದು?" ಎಂದೆ. "ಮನ್ಯಾಗ ಬಿದ್ದಿತ್ತು" ಎಂದು ಹೇಳಿ ಆಕಳಿಗೆ ಮೇವು ಹಾಕಲು ಹೋದರು. ಸುಮ್ಮನೆ ಬಿದ್ದಿದ್ದ ವಸ್ತುವನ್ನು ಯಾರಾದರೂ ಖಣದಲ್ಲಿ ಸುತ್ತಿ ನುಸಿಗುಳಿಗೆಯ ಜೊತೆ ಇಡುತ್ತಾರೆಯೇ? ಸಾಹಿತ್ಯ ಕಲಿಸುವ ನನಗೆ ಇಷ್ಟು ಹೊಳೆಯಲಿಲ್ಲ.

ವಿಜಯಪುರದ ಒಂದು ಸಭಾಂಗಣದಲ್ಲಿ ಮೊದಲ ಪ್ರದರ್ಶನ ಆಯಿತು. ಮಾಮಾ ಎಂದಿನಂತೆ ಹಿಂದಿನ ಸಾಲಿನಲ್ಲಿ, ಅತ್ತಿ ಮುಂದೆ ಹೆಂಗಸರ ನಡುವೆ. ಜೋಳದ ಚೀಲದ ದೃಶ್ಯಕ್ಕೆ ಮುಂದಿನಿಂದ ಯಾರೋ ಹೆಂಗಸು ಗಟ್ಟಿಯಾಗಿ ನಕ್ಕಳು. ಮಾಮಾ ತಟ್ಟನೆ ಎದ್ದು ನಿಂತು ಆ ಕಡೆ ನೋಡಿದರು. ಹಿಂದಿನವರು "ಕೂಡ್ರಿ ಹಿರ್ಯಾರ" ಎಂದ ಮೇಲೆ ಕೂತರು. ಆಕಳು ಚೆನ್ನಾಗಿ ಕಾಣುತ್ತಿದೆಯೋ ಇಲ್ಲವೋ ಎಂದು ನೋಡಲು ಎದ್ದಿರಬೇಕು ಎಂದುಕೊಂಡೆ.

ಒಂದು ವಾರ ಖುಷಿಯಾಗಿದ್ದೆ. ಆಮೇಲೆ ವಾಟ್ಸಾಪಿನಲ್ಲಿ ಚಿತ್ರದ್ದೊಂದು ಚೂರು ಹರಿದಾಡತೊಡಗಿತು. ಚಿತ್ರದಲ್ಲಿ ಮಾಮಾ ಆಕಳಿನ ಯಜಮಾನನಿಗೆ "ಹೊತ್ತು ಮೀರಿದ್ರ ಮತ್ತ ಇಪ್ಪತ್ತೊಂದು ದಿನಾ ಕಾಯಬೇಕಾಗತೈತಿ ನೋಡಪಾ" ಎನ್ನುತ್ತಾರೆ. ಯಾರೋ ಪುಣ್ಯಾತ್ಮರು ಆಕಳನ್ನೂ ಯಜಮಾನನನ್ನೂ ಕತ್ತರಿಸಿ, ಆ ಮಾತನ್ನು ಗಂಡ ಹೆಂಡತಿಯ ಮುಚ್ಚಿದ ಬಾಗಿಲಿಗೆ ಅಂಟಿಸಿದ್ದರು. ಮರುದಿನದ ಪತ್ರಿಕೆಯಲ್ಲಿ ತೆರಿಗೆ ಹಣದಲ್ಲಿ ಅಶ್ಲೀಲ ಚಿತ್ರ ಎಂಬ ತಲೆಬರಹ. ಸಂಸ್ಕೃತಿ ಕಾಪಾಡಲೆಂದು ಕಟ್ಟಿಕೊಂಡ ಒಂದು ಸಮಿತಿಯವರು ಮೆರವಣಿಗೆಯಲ್ಲಿ ಹೋಗಿ ಮನವಿ ಕೊಟ್ಟರು. ತಿಕೋಟಾದಲ್ಲಿ ಗೊತ್ತಾಗಿದ್ದ ಪ್ರದರ್ಶನ ರದ್ದಾಯಿತು. ಅನುದಾನ ಕೊಟ್ಟ ಸಂಸ್ಥೆಯಿಂದ ನೋಟಿಸು ಬಂತು: ವಿಚಾರಣೆಗೆ ಹಾಜರಾಗಬೇಕು, ವಿವರಣೆ ಸರಿಬೀಳದಿದ್ದರೆ ನೆರವನ್ನು ವಾಪಸು ಪಡೆದು ಚಿತ್ರವನ್ನು ಎಲ್ಲಿಯೂ ತೋರಿಸದಂತೆ ತಡೆಯಲಾಗುವುದು.

ಜನರ ದುಡ್ಡಿನ ಬಗ್ಗೆ ಜನ ಕೇಳುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಕೇಳಿದವರಲ್ಲಿ ಒಬ್ಬರೂ ಚಿತ್ರ ನೋಡಿರಲಿಲ್ಲ. ಕಾಲೇಜಿನಲ್ಲಿ ನಾನು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಅವ್ವನಂತೂ "ನಮ್ಮಪ್ಪನ ಮನಿ ಚಿಲಕದ ಸುದ್ದಿ ಊರ ಮುಂದ ಇಟ್ಟಿ" ಎಂದು ಮೂರು ದಿನ ಮಾತು ಬಿಟ್ಟಳು. ನನಗೆ ಹೆದರಿಕೆಯಾಯಿತು. ಮನನೊಂದವರಲ್ಲಿ ಕ್ಷಮೆ ಕೇಳಿ ಚಿತ್ರವನ್ನು ಹಿಂದಕ್ಕೆ ಪಡೆಯುತ್ತೇನೆ ಎಂದು ಒಂದು ಪತ್ರ ಬರೆದು ಬ್ಯಾಗಿನಲ್ಲಿಟ್ಟುಕೊಂಡೆ. ಒಂದು ವರ್ಷದ ಕೆಲಸ ಒಂದು ಹಾಳೆಯಲ್ಲಿ ಮುಗಿದಿತ್ತು.

ವಿಚಾರಣೆಯ ದಿನ ಮಾಮಾ ರೊಟ್ಟಿಯ ಗಂಟು ಹಿಡಿದು ಹಾಜರು. "ನೀ ಏನರ ಮಾಡ್ಕೋ, ಉಪವಾಸ ಕುಂದ್ರಬ್ಯಾಡ" ಎಂದರು. ಬಾಗಿಲಲ್ಲೇ ಮನವಿ ಕೊಟ್ಟ ಸಮಿತಿಯ ಅಧ್ಯಕ್ಷರು ಎದುರಾದರು. ಬಬಲೇಶ್ವರದವರು, ದೊಡ್ಡ ಕುಂಕುಮ, ಕೈಯಲ್ಲಿ ದಪ್ಪ ಫೈಲು. ಮಾಮಾ ಅವರನ್ನು ನೋಡಿದ್ದೇ ತಡ ಮುಖ ಅರಳಿಸಿದರು.

"ನಿಮ್ಮ ಮುರ್ರಾ ಎಮ್ಮಿ ಹೆಂಗೈತ್ರಿ? ಮೂರು ಸರ್ತಿ ಗಬ್ಬ ನಿಲ್ಲಲಿಲ್ಲ ನೋಡ್ರಿ ಅದು."

"ನಿಮ್ಮ ಕೈಗುಣದಿಂದ ನಾಕನೇ ಸರ್ತಿ ನಿಂತಿತ್ರಿ ಡಾಕ್ಟ್ರ. ಈಗ ಐದು ಕರಾ ಹಾಕೇತಿ" ಎಂದ ಅಧ್ಯಕ್ಷರು, ತಾವು ಯಾವ ಕೆಲಸಕ್ಕೆ ಬಂದದ್ದೆಂದು ನೆನಪಾಗಿ ಮುಖ ಗಂಟು ಹಾಕಿಕೊಂಡರು.

ಒಳಗೆ ಒಬ್ಬ ಮಹಿಳಾ ಅಧಿಕಾರಿ ಮತ್ತು ಇಬ್ಬರು ಸದಸ್ಯರು ಕೂತಿದ್ದರು. ಅಧ್ಯಕ್ಷರು ಎದ್ದು ಚೆನ್ನಾಗಿಯೇ ಮಾತಾಡಿದರು. "ಮರ್ಯಾದಸ್ಥರ ಮನ್ಯಾಗ ಹಿಂಗ ನಡೀತೈತೇನ್ರಿ? ಗಂಡ ಹೇಣ್ತಿ ಬಾಗಲಾ ಹಾಕ್ಕೊಳ್ಳಾಕ ಒದ್ದಾಡೂದು, ಅದನ್ನ ಸರ್ಕಾರದ ರೊಕ್ಕದಾಗ ತೋರಿಸೂದು. ನಮ್ಮ ಜಿಲ್ಲಾದಾಗ ಇಂಥಾ ಒಂದರೆ ಮನಿ ಐತೇನು? ಹಳ್ಳಿ ಮಂದಿ ಮಾನಾ ಕಳ್ಯಾಕ ಹುಟ್ಟಿಸಿದ ಕತಿ ಇದು."

ಅಧಿಕಾರಿ ನನ್ನ ಕಡೆ ನೋಡಿದರು. ಉತ್ತರ ನನಗೆ ಗೊತ್ತಿತ್ತು. ಆದರೆ ಅಂಥ ಮನೆ ಇದೆ ಎಂದರೆ ಯಾರ ಮನೆ ಎಂದು ಕೇಳುತ್ತಾರಲ್ಲ? ಹೆಂಡತಿಯ ಹೆಸರನ್ನೇ ಹೇಳದ ಮನುಷ್ಯನ ಕೋಣೆಯ ಬಾಗಿಲನ್ನು ನಾನು ಸಭೆಯಲ್ಲಿ ಹೇಗೆ ತೆರೆಯಲಿ? ಬ್ಯಾಗಿನಿಂದ ಕ್ಷಮೆಯ ಪತ್ರ ತೆಗೆದೆ. ಆಗ ಹಿಂದಿನಿಂದ ಕೆಮ್ಮು ಕೇಳಿಸಿತು.

"ಐತ್ರಿ" ಎಂದರು ಮಾಮಾ ಎದ್ದು ನಿಂತು. "ಅಂಥಾ ಮನಿ ಐತಿ. ನಮ್ದೇ."

ಮಾಮಾ ರೊಟ್ಟಿಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

"ಮೊದಲಿಗಿ ರೊಕ್ಕದ ಮಾತು ಹೇಳ್ತೀನ್ರಿ. ಮೂವತ್ತು ವರ್ಷ ಸರ್ಕಾರ ನನಗ ಪಗಾರ ಕೊಟ್ಟಿದ್ದು ಇದೇ ಕೆಲಸಕ್ಕ. ಯಾವ ಆಕಳಾ ಯಾವಾಗ ಬೆದಿಗಿ ಬರತೈತಿ, ಯಾವಾಗ ಗಬ್ಬ ಆಗತೈತಿ, ಎಲ್ಲಾ ಜನರ ರೊಕ್ಕದಾಗ ಮಾಡೀನಿ. ಅವಾಗ ಯಾರೂ ಮನವಿ ಕೊಡಲಿಲ್ಲ. ಈ ಅಧ್ಯಕ್ಷರೂ ಕೊಡಲಿಲ್ಲ, ಎಮ್ಮಿ ಹಿಡ್ಕೊಂಡು ನಿಂತಿದ್ರು."

ಅಧಿಕಾರಿ ಫೈಲನ್ನು ಮುಖಕ್ಕೆ ಅಡ್ಡ ಹಿಡಿದರು. ಫೈಲು ಅಲುಗಾಡುತ್ತಿತ್ತು. ಮಾಮಾ ನಗಲಿಲ್ಲ. ಅವರ ದನಿ ಸಣ್ಣದಾಯಿತು.

"ಲಗ್ನ ಆಗಿ ಆರು ತಿಂಗಳಿಗೆ ನಾ ಬಿಜಾಪುರ ಬಜಾರಕ್ಕ ಬಂದು ಒಂದು ಚಿಲಕ ತಗೊಂಡಿದ್ದೆ. ಜಡಿಯಾಕ ಧೈರ್ಯ ಆಗಲಿಲ್ರಿ. ನಮ್ಮಪ್ಪ ಯಾಕಂತ ಕೇಳಿದ್ರ ಏನಂತ ಹೇಳಲಿ? ಅಕಿ ಅದನ್ನ ಟ್ರಂಕಿನ್ಯಾಗ ಇಟ್ಕೊಂಡಳು. ನಲವತ್ತೆರಡು ವರ್ಷ ಆತು. ಸಿನಿಮಾದ ಕಡೀಕ ಆ ಹುಡುಗಿ ಕೈಯಾಗ ಹಿಡದಾಳಲ್ಲ, ಅದೇ ಚಿಲಕ."

ನನ್ನ ಕೈಯಲ್ಲಿದ್ದ ಪತ್ರ ಮಡಿಲಿಗೆ ಬಿತ್ತು.

"ಮೂರು ಮಕ್ಕಳಾದ್ರು ನಮಗ" ಎಂದರು ಮಾಮಾ. "ಆದ್ರ ಅಕಿ ಕೂಡ ಒಂದು ತಾಸು ಕುಂತು ಮಾತಾಡಿದ್ದು ನೆನಪಿಲ್ರಿ. ತಿಕೋಟಾದಿಂದ ಬಬಲೇಶ್ವರದ ತನಕ ಎಲ್ಲಾರ ದನದ ಹೊತ್ತು ವ್ಯಾಳ್ಯಾ ನನಗ ಗೊತ್ತಿತ್ತು. ನನ್ನ ಹೇಣ್ತಿ ನಗೂದು ಹೆಂಗಿರತೈತಿ ಅಂತ ಗೊತ್ತಿರಲಿಲ್ಲ. ಮೊನ್ನೆ ಈ ಸಿನಿಮಾ ನೋಡೂಮುಂದ ಗಟ್ಟ್ಯಾಗಿ ನಕ್ಕಳು. ಯಾರಂತ ನೋಡಾಕ ನಾ ಎದ್ದು ನಿಂತೆ. ಇದು ಹೊಲಸಂದ್ರ ನಮ್ಮ ಬಾಳೇವೂ ಹೊಲಸ್ರಿ. ನಮ್ಮಕ್ಕನ ಮಗಳು ಏನೂ ತಪ್ಪ ಮಾಡಿಲ್ಲ."

ಹೇಳಿ ಕೂತರು. ಕುಡಿಯಲು ನೀರು ಕೊಟ್ಟೆ. ಯಾವ ಮಾತಿಗೂ ನಾಚದ ನನ್ನ ಮಾಮಾನ ಕಿವಿ ಕೆಂಪಗಾಗಿದ್ದನ್ನು ಅವತ್ತೇ ಮೊದಲು ನೋಡಿದೆ.

ಹೊರಗೆ ಬೇವಿನ ಗಿಡದ ಕೆಳಗೆ ನಾವು ಗಂಟು ಬಿಚ್ಚಿದಾಗ ಅಧ್ಯಕ್ಷರು ಹತ್ತಿರ ಬಂದು ನಿಂತರು. "ಮನವಿ ನಾ ಹಿಂದ ತಗೊಳ್ಳಾಂಗಿಲ್ರಿ ಡಾಕ್ಟ್ರ, ಮಂದಿ ಏನಂತಾರ" ಎಂದರು. "ಬಿಡ್ರಿ, ಮೊದಲು ಉಣ್ಣರಿ" ಎಂದು ಮಾಮಾ ಅವರ ಕೈಗೆ ರೊಟ್ಟಿ, ಶೇಂಗಾ ಹಿಂಡಿ ಇಟ್ಟರು. ಅವರು ಅರ್ಧ ರೊಟ್ಟಿ ತಿಂದ ಮೇಲೆ ನೆಲ ನೋಡುತ್ತ, "ನಮ್ಮ ಮನ್ಯಾಗೂ ಒಳಗ ಚಿಲಕ ಇದ್ದಿಲ್ರಿ" ಎಂದರು.

ಕೆಲವು ದಿನಗಳಲ್ಲಿ ಪತ್ರ ಬಂತು. ಅನುದಾನ ಮುಂದುವರಿಯುತ್ತದೆ, ಚಿತ್ರದ ಮೊದಲಿಗೆ ವಯಸ್ಕರಿಗಾಗಿ ಎಂಬ ಸೂಚನೆ ಹಾಕತಕ್ಕದ್ದು. ನಾನು ಚಿಲಕವನ್ನು ಅದೇ ಖಣದಲ್ಲಿ ಸುತ್ತಿ, ಒಯ್ದು ಅತ್ತಿಯ ಕೈಗೆ ಕೊಟ್ಟೆ. ಆಕೆ ಸೆರಗಿನಿಂದ ಅದನ್ನು ಒರೆಸಿ, "ಇನ್ನೇನ್ ಮಾಡೂದೈತಿ ಇದನ್ನ" ಎಂದು ಮತ್ತೆ ಟ್ರಂಕಿನಲ್ಲಿಟ್ಟಳು.

ರದ್ದಾಗಿದ್ದ ತಿಕೋಟಾದ ಪ್ರದರ್ಶನ ಮುಂದಿನ ತಿಂಗಳು ನಡೆಯಿತು. ಜನ ಗೋಡೆಗೆ ಒರಗಿ ನಿಂತು ನೋಡಿದರು. ಆ ಸುದ್ದಿ ಹೇಳಲು, ಅದಕ್ಕಿಂತ ಹೆಚ್ಚಾಗಿ ಮಾಮಾನ ಕಾಲು ಮುಟ್ಟಲು ನಾನು ಮರುದಿನ ಮಧ್ಯಾಹ್ನ ಸಾರವಾಡಕ್ಕೆ ಹೋದೆ. ನನ್ನ ಕೆಲಸ ಉಳಿಸಲು ಆ ಮನುಷ್ಯ ಜೀವಮಾನದ ಸಂಕೋಚವನ್ನು ಸಭೆಯಲ್ಲಿ ಬಿಟ್ಟುಕೊಟ್ಟಿದ್ದರು. ಅದಕ್ಕೆ ಏನು ಹೇಳಬೇಕೆಂದು ಬಸ್ಸಿನಲ್ಲಿ ಉದ್ದಕ್ಕೂ ಯೋಚಿಸುತ್ತ ಬಂದಿದ್ದೆ.

ಮನೆ ತುಂಬ ಜನ ಅವರವರ ಕೆಲಸದಲ್ಲಿದ್ದರು. ಮಾಮಾನ ಕೋಣೆಯ ಬಾಗಿಲು ಮುಂದೆ ಮಾಡಿತ್ತು. ನಾನೂ ಆ ಮನೆಯ ಮೊಮ್ಮಗಳಲ್ಲವೇ, ಹಾದುಹೋಗುವಾಗ ಕೈ ತಾನಾಗಿ ಹೊರಚಿಲಕದ ಕಡೆ ಹೋಯಿತು. ಚಿಲಕ ಇರಲಿಲ್ಲ. ಅದು ಇದ್ದ ಜಾಗದಲ್ಲಿ ನಾಲ್ಕು ತೂತುಗಳಿದ್ದವು.

ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದ ಮಾಮಾನ ಸೊಸೆ ತುಟಿಯ ಮೇಲೆ ಬೆರಳಿಟ್ಟಳು. "ಒಳಗ ಅದಾರ್ರಿ ಅಕ್ಕಾರ, ಇಬ್ರೂ. ಮಾವಾರೇ ಹೊರಗಿಂದು ಕಿತ್ತು ಒಳಗ ಹಿತ್ತಾಳಿದು ಜಡದಾರ. ದಿನಾ ಉಂಡ ಮ್ಯಾಲ ಒಂದು ತಾಸು."

"ಏನ್ ಮಾಡ್ತಾರ?" ಎಂದು ಕೇಳಿಬಿಟ್ಟೆ.

"ಏನಿಲ್ರಿ, ಮಾತಾಡ್ತಾರ. ಮಾವಾರು ದನದ ಸುದ್ದಿ ಹೇಳ್ತಾರ, ಅತ್ತಿಯಾರು ನಗತಾರ."

ಒಳಗಿನಿಂದ ಆ ನಗು ಕೇಳಿಸಿತು. ಜೋಳದ ಚೀಲದ ದೃಶ್ಯಕ್ಕೆ ಕೇಳಿಸಿದ್ದ ಅದೇ ನಗು. ಅದರ ಹಿಂದೆಯೇ ಮಾಮಾನ ದನಿ. ಅವರು ಕೆಮ್ಮಲಿಲ್ಲ. ಹೆಸರು ಹಿಡಿದು ಕರೆದರು.

ಅತ್ತಿಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದು ಒಳಚಿಲಕ ಹಾಕಿದ ಕೋಣೆಯ ಮಾತು. ನಾನು ಬಾಗಿಲು ಬಡಿಯದೆ ಬಂದು ಸೊಸೆಯ ಪಕ್ಕ ಕೂತು, ಒಂದು ಬೊಗಸೆ ಮೆಣಸಿನಕಾಯಿ ನನ್ನ ಮುಂದೆ ಎಳೆದುಕೊಂಡೆ.